ನಗರ ಸೀಮೆಯ ಗ್ರಾಮಸೇವಕರು: ಉಂಬಳಿಯಿಂದ ಸಂಬಳದವರೆಗೆ

೧. ಶಬ್ದವಿಚಾರ

ಸೇವೆಗೆ ಪ್ರತಿಫಲವಾಗಿ ಸಲ್ಲುವ ದ್ರವ್ಯವನ್ನು ಸೂಚಿಸಲು ಕನ್ನಡದಲ್ಲಿ ಹಲವು ಶಬ್ದಗಳುಂಟು. ಉಂಬಳಿ, ಪಡಿ, ಜೀವಿತ, ಸಂಬಳ, ಪೋಟಗಿ ಎಂಬಿವು ಅವುಗಳಲ್ಲಿ ಮುಖ್ಯವಾದವು. ಇವುಗಳ ಮೂಲವನ್ನು ವಿಚಾರಿಸಿದರೆ ಒಂದು ವಿಶೇಷವು ಗೋಚರವಾಗುತ್ತದೆ. ಉಂಬಳಿಯು ಉಣ್ ಎಂಬ ಧಾತುವಿಗೆ ಸಂಬಂಧಿಸಿದ್ದು. ಉಣ್ಣುವುದಕ್ಕಾಗಿ ಬಿಟ್ಟ ಭೂಮಿ ಎಂಬುದು ಅದರ ಅಭಿಪ್ರಾಯ. ಪಡಿ ಎಂದರೆ ದಿನದಿನಕ್ಕೆ ಅಳೆದು ಕೊಡುವ ಧಾನ್ಯ. ಶಾಸನಗಳಲ್ಲಿ ಕಾಣುವ ಜೀವಿತ ಶಬ್ದಕ್ಕೆ ಬದುಕು ಎಂಬ ಅರ್ಥದ ಜೊತೆಗೆ ಬದುಕುವುದಕ್ಕೆ ಕೊಟ್ಟ ವೃತ್ತಿ ಎಂಬ ಅರ್ಥವೂ ಇದೆ. ಸಂಬಳವು ಸಂಸ್ಕೃತದ ಶಂಬಲದಿಂದ ಬಂದದ್ದು. ಮೂಲದಲ್ಲಿ ಅದು ದಾರಿಯ ಬುತ್ತಿ. ಪೋಟಗಿ ಎಂಬುದು ಮರಾಠಿಯಿಂದ ಬಂದ ಕಛೇರಿಯ ಮಾತು; ಹೊಟ್ಟೆ ಎಂಬರ್ಥದ ಪೋಟ್ ಎಂಬುದೇ ಅದರ ಮೂಲ. ಅಂತು ಈ ಐದು ಶಬ್ದಗಳೂ ಸೇವಕನ ಊಟವನ್ನೇ ಕುರಿತು ಹುಟ್ಟಿದವು.

ಸೇವಕನ ವಿಶ್ರಾಂತಿಯನ್ನೂ ವಾರ್ಧಕವನ್ನೂ ಸೂಚಿಸುವ ಶಬ್ದಗಳ ಕಥೆ ಬೇರೆಯಾಗಿದೆ. ರಜೆ ಎಂಬುದು ಅನುಮತಿ ಎಂಬರ್ಥದ ಅರಬ್ಬೀ ಶಬ್ದವು ಪಾರಸಿಯ ಮೂಲಕ ಕನ್ನಡಕ್ಕೆ ಇಳಿದದ್ದು. ಪಿಂಚಣಿಯು ಪಾಶ್ಚಾತ್ಯರ ಪೆನ್ಷನ್ ಎಂಬುದರ ತದ್ಭವ. ಪ್ರತಿಫಲವಿಲ್ಲದ ದುಡಿಮೆಗೆ ಮಾತ್ರ ಬಿಟ್ಟಿ ಎಂಬ ಹಳೆಯ ಶಬ್ದವು ಶಾಸನಕಾಲದಿಂದ ಇದ್ದೇ ಇದೆ. ಸಂಸ್ಕೃತದ ವಿಷ್ಟಿಯೇ ಅದರ ಮೂಲ. ಶಬ್ದವಿಲ್ಲದ ಮಾತ್ರಕ್ಕೆ ವಸ್ತುವೂ ಇರಲಿಲ್ಲವೆಂದು ಹೇಳುವುದು ಯುಕ್ತವಲ್ಲ. ಆದರೂ ಊರಿನ ಆಡಳಿತವು ತನ್ನ ಕೆಳಗಿನ ಸೇವಕರ ಊಟವನ್ನು ಚಿಂತಿಸಿದಷ್ಟು ಅವರ ದೇಹವನ್ನೂ ಆಯಾಸವನ್ನೂ ಮುಪ್ಪನ್ನೂ ಚಿಂತಿಸಿತೇ ಎಂಬ ಪ್ರಶ್ನೆಯು ಇದರಿಂದ ಸಹಜವಾಗಿ ಏಳುತ್ತದೆ. ನಗರ ಸೀಮೆಯ ಗ್ರಾಮಸೇವಕರ ಇತಿಹಾಸವನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಸೀಮೆಯ ಲಕ್ಷಣ

ನಗರವೆಂದರೆ ಕೆಳದಿಯ ಅರಸರ ಕಡೆಯ ರಾಜಧಾನಿಯಾಗಿದ್ದ ಬಿದನೂರು. ಕೆಳದಿಯಿಂದ ಇಕ್ಕೇರಿಗೂ ಅಲ್ಲಿಂದ ಬಿದನೂರಿಗೂ ರಾಜಧಾನಿಯು ಸಾಗಿತು. ೧೭೬೩ರಲ್ಲಿ ಹೈದರನು ಅದನ್ನು ಹಿಡಿದು ಹೈದರನಗರವೆಂದು ಹೆಸರಿಟ್ಟನು. ಜನರ ಬಾಯಲ್ಲಿ ನಗರವೆಂಬ ಭಾಗವು ಮಾತ್ರ ಉಳಿಯಿತು. ಮುಂದೆ ಕಮಿಷನರ ಆಡಳಿತದಲ್ಲಿ ಶಿವಮೊಗ್ಗ, ಕಡೂರು, ಚಿತ್ರದುರ್ಗಗಳನ್ನೊಳಗೊಂಡ ವಿಶಾಲ ವಿಭಾಗಕ್ಕೂ ಈ ಹೆಸರೇ ಸಂದಿತು. ಇಲ್ಲಿ ನಗರ ಸೀಮೆ ಎಂಬ ಮಾತನ್ನು ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ಈಗಿನ ಮೂರು ತಾಲ್ಲೂಕುಗಳ ಮಲೆನಾಡಿಗೆ ಅನ್ವಯಿಸಿದೆ.

ಬಯಲುಸೀಮೆಯ ಊರು ಮನೆಗಳೆಲ್ಲ ಒಂದೆಡೆ ಕೂಡಿದ ಊರು. ಮಲೆನಾಡಿನ ಊರು ಹಾಗಲ್ಲ. ಒಂದು ಕಣಿವೆಯಲ್ಲಿ ಒಂದು ಮನೆ, ಅದರ ಮುಂದೆ ಗದ್ದೆ, ಬದಿಯಲ್ಲಿ ಅಡಕೆಯ ತೋಟ, ಹಿಂದೆ ಸೊಪ್ಪಿನಬೆಟ್ಟ. ಗುಡ್ಡವನ್ನು ದಾಟಿದ ಮೇಲೆ ಮತ್ತೊಂದು ಮನೆ. ಇಂತಹ ಹಿಡುವಳಿಗೆ ವರ್ಗವೆಂದೂ ಅದರ ಒಡೆಯನಿಗೆ ವರ್ಗದಾರನೆಂದೂ ಹೆಸರು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷವೊಂದಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮಿಕ್ಕು ಮಳೆ ಬೀಳುತ್ತದೆ. ಹೀಗಿರಲು, ಬಯಲುಸೀಮೆಯ ಗ್ರಾಮಸೇವಕನು ಒಂದು ಬೆಳಗಿನಲ್ಲಿ ಮುಗಿಸುವ ಕೆಲಸಕ್ಕೆ ಇಲ್ಲಿಯ ಸೇವಕನು ಹಳ್ಳ ಹೊಳೆಗಳನ್ನು ದಾಟಿ ದಿನಗಟ್ಟಲೆ ನಡೆಯಬೇಕಾಗಿದ್ದಿತು. ಈ ಸೀಮೆಯಲ್ಲಿ ಸೇವೆಯ ಕಷ್ಟವನ್ನು ಅಳೆಯಲು ಜನಸಂಖ್ಯೆಗಿಂತ ದಾರಿಯೇ ಯೋಗ್ಯವಾದ ಮಾನವೆಂಬ ಅಂಶವನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡಬೇಕು.

ಈ ಸೀಮೆಯ ಕಂದಾಯ ವ್ಯವಸ್ಥೆಗೆ ತಳಹದಿಯನ್ನು ಹಾಕಿದವನು ೧೬೪೫ರಿಂದ ೧೬೬೦ರವರೆಗೆ ಆಳಿದ ಶಿವಪ್ಪನಾಯಕ. ಪ್ರತಿಯೊಂದು ಗ್ರಾಮದಲ್ಲಿಯೂ ಒಂದೊಂದು ತರದ ಭೂಮಿಯನ್ನು ಹನ್ನೆರಡು ವರ್ಷಗಳ ಕಾಲ ಸರಕಾರದ ವತಿಯಿಂದ ಸಾಗುಮಾಡಿಸಿ, ಬಿತ್ತಿದ ಬೀಜ, ತಗುಲಿದ ವೆಚ್ಚ, ಬಂದ ಬೆಳೆ, ಅದರ ಬೆಲೆ ಇವುಗಳ ಲೆಕ್ಕವನ್ನಿಡಿಸಿ, ಸರಾಸರಿ ಉತ್ಪನ್ನದ ಮೂರನೆಯ ಒಂದು ಪಾಲಿನಂತೆ ಕಂದಾಯವನ್ನು ಗೊತ್ತುಮಾಡಿದನೆಂದು ಪ್ರಸಿದ್ಧಿ. ಇದೇ ಶಿವಪ್ಪನಾಯಕನ ಶಿಸ್ತು. ಅರಸನ ಕೀರ್ತಿಯನ್ನು ಹೇಳುವಾಗ ಒಂದು ವಿಷಯವು ಸಾಮಾನ್ಯವಾಗಿ ಮರೆತುಹೋಗುತ್ತದೆ. ಹನ್ನೆರಡು ವರ್ಷಗಳ ಲೆಕ್ಕವೆಂದರೆ ಹನ್ನೆರಡು ವರ್ಷಗಳ ಕಾಲ ಗದ್ದೆಯ ಅಂಚಿನಲ್ಲಿ ನಿಂತು ಅಳೆದವರ, ಬರೆದವರ ದುಡಿಮೆ. ಹುಣಿಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಟ್ಟೆಗೆ ಬಳಿದು ಒಣಗಿಸಿ ಮಡಿಸಿದ ಕಡತದಲ್ಲಿ ಬಳಪದಿಂದ ಬರೆಯುತ್ತಿದ್ದ ಶ್ಯಾನುಭೋಗನೂ, ಎಲ್ಲೆಯ ಕಲ್ಲನ್ನು ತೋರಿಸುತ್ತಿದ್ದ ತೋಟಿಯೂ ಇಲ್ಲದಿದ್ದರೆ ಶಿಸ್ತು ಎಂಬುದು ಇರುತ್ತಿರಲಿಲ್ಲ.

೩. ಆಯವೂ ಉಂಬಳಿಯೂ

ಮೈಸೂರು ಸೀಮೆಯ ಗ್ರಾಮದಲ್ಲಿ ಹನ್ನೆರಡು ಮಂದಿ ಆಯಗಾರರಿರುವರೆಂದು ೧೮೧೦ರಲ್ಲಿ ತನ್ನ ಇತಿಹಾಸಗ್ರಂಥದ ಮೊದಲ ಸಂಪುಟವನ್ನು ಪ್ರಕಟಿಸಿದ ವಿಲ್ಕ್ಸ್ ವಿವರಿಸಿರುವನು. ಗೌಡ ಅಥವಾ ಪಟೇಲ, ಶ್ಯಾನುಭೋಗ, ತಳಾರಿ, ತೋಟಿ, ನೀರಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಅಕ್ಕಸಾಲಿಗ ಎಂದು ಎಣಿಕೆ. ಕೆಲವೆಡೆಗಳಲ್ಲಿ ಅಕ್ಕಸಾಲಿಗನ ಸ್ಥಾನದಲ್ಲಿ ಕವಿಯೂ ಉಪಾಧ್ಯಾಯನೂ ಆದವನೊಬ್ಬನಿರುತ್ತಿದ್ದನೆಂಬುದು ಸಾಹಿತ್ಯಾಧ್ಯಾಪಕರಿಗೆ ಕುತೂಹಲವನ್ನುಂಟುಮಾಡುವ ಸಂಗತಿ. ಆಯವೆಂದರೆ ಕಣದಲ್ಲಿ ರಾಶಿ ಅಳೆಯುವಾಗ ಸೇವಕನಿಗೆ ಸಲ್ಲುವ ಪಾಲು. ಇವರಲ್ಲಿ ಪಟೇಲ, ಶ್ಯಾನುಭೋಗ, ತಳಾರಿ, ತೋಟಿ, ನೀರಗಂಟಿ ಈ ಐವರು ನೇರವಾಗಿ ಆಡಳಿತದ ಕೆಲಸಕ್ಕೆ ಸೇರಿದವರು. ಶ್ಯಾನುಭೋಗನು ಶಾಸನಗಳ ಸೇನಬೋವನೇ. ತಳಾರಿಯು ಕಾವಲನ್ನು ನೋಡಿಕೊಂಡು ಅಪರಾಧಗಳ ಸುಳಿವನ್ನು ಹುಡುಕಿ ದಾರಿಗರನ್ನು ಮುಂದಿನ ಊರಿಗೆ ಮುಟ್ಟಿಸುವನು. ತೋಟಿಯು ಎಲ್ಲೆಗಳಿಗೆ ಸಾಕ್ಷಿ, ಬೆಳೆಗೆ ಕಾವಲು. ನೀರಗಂಟಿಯು ಕೆರೆಯ ನೀರನ್ನು ಗದ್ದೆಗಳಿಗೆ ನ್ಯಾಯವಾಗಿ ಹಂಚುವನು.

ಈ ಪದ್ಧತಿಯಲ್ಲಿ ಸೇವಕನ ಕ್ಷೇಮಕ್ಕೆ ಅನುಕೂಲವಾದ ಅಂಶಗಳಿದ್ದವು. ಆಯವೂ ಉಂಬಳಿಯೂ ಒಬ್ಬ ವ್ಯಕ್ತಿಗೆ ಸೇರಿದವಲ್ಲ, ಮನೆತನಕ್ಕೆ ಸೇರಿದವು. ಆದುದರಿಂದ ತಳಾರಿಯು ಜ್ವರದಿಂದ ಮಲಗಿದರೆ ಅವನ ತಮ್ಮನೋ ಮಗನೋ ಕಾವಲಿಗೆ ಹೋಗುವನು. ಮನೆಗೆ ಬರುವ ಧಾನ್ಯವು ನಿಲ್ಲದು. ಮುದುಕನಾದವನು ಮಗನಿಗೆ ಕೋಲನ್ನು ಕೊಟ್ಟು ಜಗಲಿಯಲ್ಲಿ ಕುಳಿತರೂ ಅವನ ಅನ್ನಕ್ಕೆ ಕೊರತೆಯಿಲ್ಲ. ಹೀಗೆ ರೋಗದ ರಜೆಯೂ ಮುಪ್ಪಿನ ಪಿಂಚಣಿಯೂ ಕುಟುಂಬದೊಳಗೇ ಅಡಗಿದ್ದವು. ಆ ವಸ್ತುಗಳಿಗೆ ಕಛೇರಿಯ ಭಾಷೆಯಲ್ಲಿ ಹೆಸರು ಹುಟ್ಟದಿರುವುದಕ್ಕೆ ಇದು ಒಂದು ಕಾರಣವೆಂದು ಊಹಿಸಬಹುದು.

ಆದರೆ ಇದೇ ಪದ್ಧತಿಯ ದೋಷವೂ ಅಲ್ಲಿಯೇ ಇದೆ. ಮನೆತನಕ್ಕೆ ಪಾಲು ಸಲ್ಲುವುದರಿಂದ ದುಡಿಮೆಯೂ ಮನೆತನದ್ದೇ ಆಯಿತು. ಹೆಂಗಸರೂ ಮಕ್ಕಳೂ ಲೆಕ್ಕಕ್ಕೆ ಬಾರದೆ ದುಡಿದರು. ಬೆಳೆ ಕೆಟ್ಟ ವರ್ಷ ಪಾಲೂ ಕುಗ್ಗುವುದು, ಕೆಲಸ ಮಾತ್ರ ಕುಗ್ಗದು. ಎಲ್ಲಕ್ಕಿಂತ ಹೆಚ್ಚಾಗಿ, ವೃತ್ತಿಯು ಹುಟ್ಟಿಗೆ ಅಂಟಿದ್ದಿತು. ಶ್ಯಾನುಭೋಗನ ಮಗನಿಗೆ ಇದು ಹಕ್ಕಾಗಿ ತೋರಿದರೆ, ಅಸ್ಪೃಶ್ಯರೆನ್ನಿಸಿಕೊಂಡಿದ್ದ ತೋಟಿಯ ಮಗನಿಗೆ ಇದು ಬಿಡಿಸಿಕೊಳ್ಳಲಾಗದ ಬಂಧನವಾಗಿದ್ದಿತು. ಅವನಿಗೆ ಸಲ್ಲುತ್ತಿದ್ದ ಪಾಲಿನಲ್ಲಿ ಯಾವುದು ಆಯ, ಯಾವುದು ಬಿಟ್ಟಿಗೆ ಎಸೆದ ತುತ್ತು ಎಂಬುದನ್ನು ನಿರ್ಣಯಿಸುವವರು ಪಾಲನ್ನು ಕೊಡುವವರೇ ಆಗಿದ್ದರು.

ಸೇವೆಯಲ್ಲಿ ಸತ್ತವನ ಸಂಸಾರವನ್ನು ಕಾಪಾಡಬೇಕೆಂಬ ಭಾವನೆಯು ನಾಡಿಗೆ ಅಪರಿಚಿತವಾದುದಲ್ಲ. ಊರಿನ ತುರುವನ್ನೋ ಗಡಿಯನ್ನೋ ಕಾಯುತ್ತ ಮಡಿದವನ ಮನೆಯವರಿಗೆ ಬಿಟ್ಟ ಭೂಮಿಯನ್ನು ಶಾಸನಗಳು ನೆತ್ತರುಗೊಡಗೆ ಎನ್ನುತ್ತವೆ. ಅರ್ಥಶಾಸ್ತ್ರದಲ್ಲಿ ಕೌಟಿಲ್ಯನು ಕೆಲಸದಲ್ಲಿದ್ದಾಗ ಸತ್ತವರ ಹೆಂಡಿರು ಮಕ್ಕಳಿಗೆ ಭತ್ತವೇತನವು ಸಲ್ಲಬೇಕೆಂದು ವಿಧಿಸಿರುವನು. ಶುಕ್ರನೀತಿಯಲ್ಲಿ ವರ್ಷಕ್ಕೆ ಒಂದು ಪಕ್ಷದ ರಜೆಯೂ ನಲವತ್ತು ವರ್ಷಗಳ ಸೇವೆಯ ಮೇಲೆ ಅರ್ಧವೇತನವೂ ಹೇಳಲ್ಪಟ್ಟಿವೆ. ಆದರೆ ಆ ಗ್ರಂಥವು ಈಗಿರುವ ರೂಪದಲ್ಲಿ ಹತ್ತೊಂಬತ್ತನೆಯ ಶತಮಾನಕ್ಕೆ ಸೇರಿದ್ದೆಂದು ವಿದ್ವಾಂಸರು ಶಂಕಿಸಿರುವುದರಿಂದ ಅದನ್ನು ಪ್ರಾಚೀನ ಪದ್ಧತಿಗೆ ಪ್ರಮಾಣವಾಗಿ ಹಿಡಿಯುವುದು ಕ್ಷೇಮವಲ್ಲ. ನೆತ್ತರುಗೊಡಗೆಯಾದರೋ ಕಲ್ಲಿನಲ್ಲಿ ನಿಂತ ಪ್ರಮಾಣ. ಆದರೆ ಅದು ವೀರಮರಣಕ್ಕೆ ಸಂದ ಗೌರವ. ಮಳೆಯಲ್ಲಿ ನೆನೆದು ಜ್ವರ ಬಂದು ಸತ್ತ ತೋಟಿಗೆ ಕಲ್ಲೂ ಇಲ್ಲ, ಕೊಡಗೆಯೂ ಇಲ್ಲ.

೪. ಶರತ್ತು ಪದ್ಧತಿ ಮತ್ತು ನಗರದ ದಂಗೆ

ಸೇವಕನನ್ನು ಸರಕಾರವು ಯಾವ ನಿಬಂಧನೆಗಳಲ್ಲಿ ದುಡಿಸುತ್ತದೆಯೋ ಅವುಗಳ ಫಲವನ್ನು ಕಡೆಗೆ ಪ್ರಜೆಯು ಅನುಭವಿಸುತ್ತಾನೆ ಎಂಬುದಕ್ಕೆ ನಗರ ಸೀಮೆಯ ಇತಿಹಾಸದಲ್ಲಿಯೇ ಕಟುವಾದ ನಿದರ್ಶನವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ ಶರತ್ತು ಎಂಬ ಪದ್ಧತಿಯು ಆಚರಣೆಯಲ್ಲಿದ್ದಿತು. ತನ್ನ ತಾಲ್ಲೂಕಿನಿಂದ ಇಂತಿಷ್ಟು ಕಂದಾಯವನ್ನು ಎತ್ತಿಕೊಡುತ್ತೇನೆಂದು ಅಮಲ್ದಾರನು ಮುಂಚಿತವಾಗಿ ಮುಚ್ಚಳಿಕೆ ಬರೆದುಕೊಡಬೇಕು. ಕಡಮೆಯಾದರೆ ತಾನೇ ತುಂಬಬೇಕು. ಹೆಚ್ಚಾದರೆ ಹೆಚ್ಚಿಗೆಯು ಸರಕಾರಕ್ಕೆ. ಮಳೆ, ಬೆಳೆ, ಬೆಲೆ ಯಾವುದೂ ಅಮಲ್ದಾರನ ಕೈಯಲ್ಲಿಲ್ಲ. ಹೊಣೆ ಮಾತ್ರ ಅವನ ತಲೆಯ ಮೇಲೆ. ಅವನು ಆ ಹೊಣೆಯನ್ನು ಶೇಕದಾರನ ಮೇಲೆಯೂ, ಶೇಕದಾರನು ಪಟೇಲ ಶ್ಯಾನುಭೋಗರ ಮೇಲೆಯೂ, ಅವರು ರೈತನ ಮೇಲೆಯೂ ಇಳಿಸುವುದು ಅನಿವಾರ್ಯವಾಯಿತು.

೧೮೩೦ರಲ್ಲಿ ನಗರ ಸೀಮೆಯ ರೈತರು ಕೂಟಗಳನ್ನು ಕಟ್ಟಿ ದಂಗೆಯೆದ್ದರು. ಬಿದನೂರಿನ ಗಾದಿಗೆ ತಾನೇ ಹಕ್ಕುದಾರನೆಂದು ಸಾರಿದ ಬೂದಿ ಬಸವಪ್ಪನು ಅವರ ಮುಂದಾಳಾದನು. ದಂಗೆಯು ಅಡಗಿದರೂ ಅದರ ಪರಿಣಾಮವಾಗಿ ೧೮೩೧ರಲ್ಲಿ ಮೈಸೂರಿನ ಆಡಳಿತವು ಬ್ರಿಟಿಷರ ಕೈಸೇರಿ, ೧೮೮೧ರವರೆಗೆ ಅವರಲ್ಲಿಯೇ ಉಳಿಯಿತು. ಹಾಕರ್, ಮಾರಿಸನ್, ಮೆಕ್ಲಿಯಾಡ್, ಕಬ್ಬನ್ ಎಂಬ ನಾಲ್ವರ ಮಂಡಲಿಯು ದಂಗೆಯ ಕಾರಣಗಳನ್ನು ವಿಚಾರಿಸಿ ೧೮೩೩ರಲ್ಲಿ ವರದಿಯನ್ನೊಪ್ಪಿಸಿತು. ದಂಗೆಗೆ ಕಾರಣಗಳು ಹಲವು, ಶರತ್ತೊಂದೇ ಅಲ್ಲ. ಆದರೂ ಕೈಮೀರಿದ ಗುರಿಯನ್ನು ಸೇವಕನಿಗೆ ಗೊತ್ತುಮಾಡಿ, ತಪ್ಪಿದರೆ ದಂಡವೆಂದು ಹೆದರಿಸುವ ನೀತಿಯು ಅವನನ್ನು ಕ್ರೂರನನ್ನಾಗಿಯೋ ಸುಳ್ಳುಲೆಕ್ಕದವನನ್ನಾಗಿಯೋ ಮಾಡುತ್ತದೆಂಬ ಪಾಠವು ಅದರಲ್ಲಿ ಸ್ಪಷ್ಟವಾಗಿದೆ. ಕನ್ನಡದ ಗಾದೆಗಳಲ್ಲಿಯೂ ಕಥೆಗಳಲ್ಲಿಯೂ ಶ್ಯಾನುಭೋಗನು ಕುಟಿಲನಾಗಿ ಕಾಣಿಸಿಕೊಳ್ಳುವುದು ಹೆಚ್ಚು. ಆ ಚಿತ್ರವನ್ನು ಪಾಠಹೇಳುವವರು ಅವನ ಬೆನ್ನ ಹಿಂದೆ ನಿಂತಿದ್ದ ಮುಚ್ಚಳಿಕೆಯನ್ನೂ ವಿದ್ಯಾರ್ಥಿಗಳಿಗೆ ತೋರಿಸುವುದು ಉಚಿತ.

೫. ಪೋಟಗಿಯಿಂದ ರದ್ದಿಯಾತಿಗೆ

ಕಮಿಷನರ ಆಡಳಿತದಲ್ಲಿ ೧೮೬೩ರಿಂದ ಭೂಮಾಪನವೂ ೧೮೬೬ರಿಂದ ಇನಾಮು ತನಿಖೆಯೂ ನಡೆದು ಗ್ರಾಮಸೇವೆಯ ಉಂಬಳಿಗಳು ಲೆಕ್ಕಕ್ಕೆ ಬಂದವು. ಪಟೇಲ ಶ್ಯಾನುಭೋಗರಿಗೆ ಕಂದಾಯದ ವಸೂಲಿಯನ್ನನುಸರಿಸಿ ಪೋಟಗಿಯೆಂಬ ನಗದು ಸಲ್ಲತೊಡಗಿತು. ೧೯೦೮ರ ಮೈಸೂರು ಗ್ರಾಮಾಧಿಕಾರಗಳ ಕಾಯಿದೆಯು ಈ ವೃತ್ತಿಗಳಿಗೆ ಶಾಸನಬದ್ಧವಾದ ರೂಪವನ್ನು ಕೊಟ್ಟಿತು. ವಂಶಪಾರಂಪರ್ಯವನ್ನು ಅದು ತೆಗೆಯಲಿಲ್ಲ. ಸೇವೆಯ ಉಂಬಳಿಯನ್ನು ಪರಭಾರೆ ಮಾಡದಂತೆ ತಡೆದು, ಸೇವಕನು ಸಾಲಗಾರನ ಕೈಗೆ ತನ್ನ ಅನ್ನವನ್ನು ಒಪ್ಪಿಸದಂತೆ ಕಾಪಾಡಿತು. ೧೯೨೬ರ ಗ್ರಾಮಪಂಚಾಯತಿಯ ಕಾಯಿದೆಯಿಂದ ಚುನಾಯಿತರ ಆಡಳಿತವು ಹಳ್ಳಿಗೆ ಪ್ರವೇಶಿಸಿದರೂ ಪಟೇಲ, ಶ್ಯಾನುಭೋಗ, ತೋಟಿಗಳು ಹಳೆಯಂತೆಯೇ ಮುಂದುವರಿದರು.

ಸಂವಿಧಾನವು ಜಾರಿಗೆ ಬಂದಮೇಲೆ ಈ ಪದ್ಧತಿಯ ಬುಡವೇ ಅಲುಗಿತು. ಸರಕಾರದ ಉದ್ಯೋಗದಲ್ಲಿ ವಂಶವನ್ನು ಕಾರಣವಾಗಿಟ್ಟು ಭೇದವೆಣಿಸಕೂಡದೆಂದು ಅದರ ಹದಿನಾರನೆಯ ಅನುಚ್ಛೇದವು ಹೇಳುತ್ತದೆ. ಆಂಧ್ರದ ಗಾಜುಲ ದಶರಥರಾಮರಾವ್ ಎಂಬವರ ಮೊಕದ್ದಮೆಯಲ್ಲಿ ೧೯೬೦ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಗ್ರಾಮಾಧಿಕಾರವೂ ಸರಕಾರದ ಉದ್ಯೋಗವೇ ಎಂದು ತೀರ್ಮಾನಿಸಿ, ವಂಶದವರಿಗೆ ಮಾತ್ರ ಅದು ಸಲ್ಲುವುದು ಅಸಿಂಧುವೆಂದು ಸಾರಿತು. ಮೈಸೂರು ರಾಜ್ಯದಲ್ಲಿ ಗ್ರಾಮಾಧಿಕಾರಗಳನ್ನು ರದ್ದುಪಡಿಸುವ ಕಾಯಿದೆಯು ೧೯೬೧ರಲ್ಲಿ ಅಂಗೀಕೃತವಾಗಿ ೧೯೬೩ರ ಫೆಬ್ರುವರಿ ೧ರಿಂದ ಜಾರಿಗೆ ಬಂದಿತು. ಉಂಬಳಿಗಳು ಸರಕಾರಕ್ಕೆ ಸೇರಿ, ಹಿಂದೆ ಅನುಭವಿಸುತ್ತಿದ್ದವರಿಗೆ ಪುನಃ ಮಂಜೂರಾಗುವ ಏರ್ಪಾಡಾಯಿತು. ವೃತ್ತಿಯನ್ನು ಕಳೆದುಕೊಂಡವರು ಈ ಕಾಯಿದೆಯನ್ನು ಪ್ರಶ್ನಿಸಿದರೂ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು.

ಹುಟ್ಟಿನ ಬಂಧನವು ಕಡಿದುಬಿದ್ದುದು ನಿಸ್ಸಂದೇಹವಾಗಿ ಒಳ್ಳೆಯದಾಯಿತು. ಆದರೆ ಪುನರ್ಮಂಜೂರಾದ ಭೂಮಿಯು ಎಲ್ಲರ ಕೈಯಲ್ಲಿಯೂ ಒಂದೇ ಸಮನಾಗಿ ನಿಲ್ಲುವಂತಿರಲಿಲ್ಲ. ಕಾಗದಪತ್ರವನ್ನು ಬಲ್ಲ ಶ್ಯಾನುಭೋಗನ ಮನೆಗೂ ಓದು ಬಾರದ ತೋಟಿಯ ಮನೆಗೂ ಕಛೇರಿಯ ಬಾಗಿಲು ಒಂದೇ ಅಗಲವಾಗಿ ತೆರೆಯದು. ೧೯೭೮ರಲ್ಲಿ ಶಾಸನಸಭೆಯು ತಿದ್ದುಪಡಿಯನ್ನು ತಂದು, ಇಂತಹ ಭೂಮಿಯನ್ನು ಹದಿನೈದು ವರ್ಷಗಳ ಕಾಲ ಪರಭಾರೆ ಮಾಡಕೂಡದೆಂದು ನಿಷೇಧಿಸಬೇಕಾಗಿ ಬಂದುದೇ ಆ ಭೂಮಿಯು ಜಾರಿಹೋಗುವ ಅಪಾಯವಿದ್ದಿತೆಂಬುದನ್ನು ಸೂಚಿಸುತ್ತದೆ. ಆ ಮನೆಗಳಿಗೆ ಉಂಬಳಿಯು ಬರಿಯ ಜಮೀನಲ್ಲ. ರೋಗದ ದಿನದ ಅನ್ನವೂ ಮುಪ್ಪಿನ ಆಸರೆಯೂ ಅದೇ ಆಗಿದ್ದಿತು.

೬. ಸಂಬಳದ ಕಾಲ

ಈಗ ಆ ಐದು ವೃತ್ತಿಗಳ ಕೆಲಸವು ಹಲವರಲ್ಲಿ ಹಂಚಿಹೋಗಿದೆ. ಶ್ಯಾನುಭೋಗನ ಸ್ಥಾನಕ್ಕೆ ಗ್ರಾಮಲೆಕ್ಕಿಗನು ಬಂದು, ಈಚೆಗೆ ಗ್ರಾಮ ಆಡಳಿತಾಧಿಕಾರಿ ಎಂಬ ಹೆಸರನ್ನು ಪಡೆದಿರುವನು. ತೋಟಿ ತಳಾರಿಗಳ ಕೆಲಸದ ಬಹುಭಾಗವನ್ನು ಗ್ರಾಮಸಹಾಯಕರು ಮಾಡುತ್ತಿರುವರು. ೧೯೯೩ರ ಪಂಚಾಯತ್ ರಾಜ್ ಕಾಯಿದೆಯ ಮೇರೆಗೆ ನಡೆಯುವ ಗ್ರಾಮಪಂಚಾಯತಿಗಳಲ್ಲಿ ಕರವಸೂಲಿಗಾರ, ಗುಮಾಸ್ತ, ಜವಾನ, ಸ್ವಚ್ಛತಾಗಾರ, ನೀರುಗಂಟಿ ಮೊದಲಾದವರಿರುವರು. ಹನ್ನೆರಡು ಆಯಗಾರರ ಹೆಸರುಗಳಲ್ಲಿ ಸರಕಾರದ ಕಾಗದದಲ್ಲಿ ಇನ್ನೂ ಜೀವಂತವಾಗಿರುವುದು ನೀರುಗಂಟಿ ಎಂಬುದೊಂದೇ ಎನ್ನಬಹುದು. ಆದರೆ ಅವನು ಈಗ ಕೆರೆಯ ತೂಬನ್ನೆತ್ತುವವನಲ್ಲ. ಕೊಳವೆಬಾವಿಯ ಯಂತ್ರವನ್ನು ನಡೆಯಿಸಿ ಊರಿಗೆ ಕುಡಿಯುವ ನೀರನ್ನು ಬಿಡುವವನು. ಯಂತ್ರಕ್ಕೆ ವಿದ್ಯುತ್ತು ನಡುರಾತ್ರಿಯಲ್ಲಿ ಬಂದರೆ ಅವನ ಕೆಲಸವೂ ನಡುರಾತ್ರಿಯಲ್ಲಿಯೇ.

ಸಾಗರದ ನಗರಸಭೆಯಲ್ಲಿಯೂ ತೀರ್ಥಹಳ್ಳಿ, ಹೊಸನಗರಗಳ ಪಟ್ಟಣಪಂಚಾಯತಿಗಳಲ್ಲಿಯೂ ಬೀದಿಯನ್ನು ಶುಚಿಮಾಡುವವರಿಗೆ ಪೌರಕಾರ್ಮಿಕರೆಂದು ಹೆಸರು. ಜಾತಿಯನ್ನು ಸೂಚಿಸುವ ಹಳೆಯ ಹೆಸರುಗಳನ್ನು ಬಿಟ್ಟು ಪೌರನೆಂಬ ಮಾತನ್ನು ಅವರಿಗೆ ಕೂಡಿಸಿದುದು ಕನ್ನಡ ಆಡಳಿತಭಾಷೆಯ ಒಳ್ಳೆಯ ನಿರ್ಮಾಣಗಳಲ್ಲೊಂದು. ೧೯೭೦ರ ದಶಕದ ಆದಿಯಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಐ. ಪಿ. ಡಿ. ಸಾಲಪ್ಪನವರ ಸಮಿತಿಯು ಅದೇ ದಶಕದಲ್ಲಿ ಈ ಕಾರ್ಮಿಕರ ಸ್ಥಿತಿಯನ್ನು ವಿಚಾರಿಸಿ, ೫೦೦ ಜನರಿಗೆ ಒಬ್ಬ ಪೌರಕಾರ್ಮಿಕನಿರಬೇಕೆಂದು ಅಭಿಪ್ರಾಯಪಟ್ಟಿತು. ಮುಂದೆ ಸರಕಾರವು ೭೦೦ ಜನರಿಗೆ ಒಬ್ಬನೆಂಬ ಮಾನವನ್ನು ಹಿಡಿಯಿತು. ಗುತ್ತಿಗೆದಾರನ ಕೈಯಿಂದ ಕೂಲಿ ಪಡೆಯುತ್ತಿದ್ದ ಪೌರಕಾರ್ಮಿಕರು ಸೇವೆಯನ್ನು ಕಾಯಂ ಮಾಡಬೇಕೆಂದು ಬಹುಕಾಲ ಹೋರಾಡಿ, ೨೦೨೨ರ ಜುಲೈಯಲ್ಲಿ ರಾಜ್ಯದಾದ್ಯಂತ ಮುಷ್ಕರವನ್ನು ಹೂಡಿದ ಮೇಲೆ ಕಾಯಮಾತಿಯ ಕಾರ್ಯವು ವೇಗವನ್ನು ಪಡೆಯಿತು.

ಸ್ಥಳೀಯ ಸಂಸ್ಥೆಗಳ ನೌಕರಿಯು ಕನಿಷ್ಠ ವೇತನಕ್ಕೆ ಅರ್ಹವೆಂಬ ತತ್ತ್ವವು ಹೊಸದಲ್ಲ. ೧೯೪೮ರ ಕನಿಷ್ಠ ವೇತನ ಕಾಯಿದೆಯ ಮೊದಲ ಪಟ್ಟಿಯಲ್ಲಿಯೇ ಸ್ಥಳೀಯ ಪ್ರಾಧಿಕಾರಗಳ ಕೆಳಗಿನ ಉದ್ಯೋಗವು ಸೇರಿದ್ದಿತು. ಆ ಕಾಯಿದೆಯ ಸ್ಥಾನಕ್ಕೆ ೨೦೧೯ರಲ್ಲಿ ಅಂಗೀಕೃತವಾದ ವೇತನಸಂಹಿತೆಯು ೨೦೨೫ರ ನವೆಂಬರಿನಲ್ಲಿ ಬಂದಿದೆ. ಹೀಗಿದ್ದರೂ ಗ್ರಾಮಸಹಾಯಕನಿಗೆ ಸಲ್ಲುವ ಹಣಕ್ಕೆ ವೇತನವೆಂಬ ಹೆಸರಿಲ್ಲ, ಗೌರವಧನವೆಂದು ಹೆಸರು. ಮೊದಲನೆಯ ಭಾಗದಲ್ಲಿ ಹೇಳಿದ ಶಬ್ದಗಳ ಸಾಲಿಗೆ ಇದನ್ನೂ ಸೇರಿಸಿ ನೋಡಬೇಕು. ಉಂಬಳಿಯಲ್ಲಿ ಊಟವಾದರೂ ಇದ್ದಿತು. ಗೌರವಧನದಲ್ಲಿ ಗೌರವವು ಮುಂದೆ ಬಂದು ದುಡಿಮೆಯ ಹಕ್ಕು ಹಿಂದೆ ಸರಿಯಿತು. ವೇತನವೆಂದರೆ ಅದರ ಜೊತೆಗೆ ರಜೆ, ಭವಿಷ್ಯನಿಧಿ, ಪಿಂಚಣಿಗಳ ಪ್ರಶ್ನೆಯು ಏಳುತ್ತದೆ. ಗೌರವಧನವೆಂದರೆ ಆ ಪ್ರಶ್ನೆಯು ಏಳದಂತೆ ಆಗುತ್ತದೆ.

೭. ಕ್ಷೇಮದ ಅಂಗಗಳು

ಸೇವಕನ ಕ್ಷೇಮವೆಂಬುದು ಹಣದಿಂದ ಮಾತ್ರ ಸಿದ್ಧಿಸುವುದಲ್ಲ. ನಗರ ಸೀಮೆಯನ್ನು ಕಣ್ಣಮುಂದಿಟ್ಟುಕೊಂಡು ವಿಚಾರಿಸಿದರೆ ಅದರ ಅಂಗಗಳು ನಾಲ್ಕಾಗಿ ಕಾಣುತ್ತವೆ.

ಮೊದಲನೆಯದು ಕೆಲಸದ ಪ್ರಮಾಣ. ಇಷ್ಟು ಜನಕ್ಕೆ ಒಬ್ಬನೆಂಬ ಮಾನವು ಪಟ್ಟಣಕ್ಕೆ ಹೊಂದಬಹುದು. ಮನೆಯಿಂದ ಮನೆಗೆ ಗುಡ್ಡವೇ ಅಡ್ಡವಾಗಿರುವ ಮಲೆನಾಡಿನಲ್ಲಿ ಅದೇ ಮಾನವನ್ನು ಹಿಡಿದರೆ ನಾಲ್ಕು ಮಂದಿಯ ನಡಿಗೆಯು ಒಬ್ಬನ ಕಾಲಿಗೆ ಬೀಳುತ್ತದೆ. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾದಾಗ ಸಾಗರ, ಹೊಸನಗರ ತಾಲ್ಲೂಕುಗಳ ಒಂದು ಭಾಗವು ಶರಾವತಿಯ ನೀರಿನಲ್ಲಿ ಮುಳುಗಿ, ತುಮರಿಯ ಕಡೆಯ ಊರುಗಳು ಹಿನ್ನೀರಿನ ಆಚೆಗೆ ಉಳಿದವು. ಅಂಬಾರಗೊಡ್ಲು ಕಳಸವಳ್ಳಿಗಳ ನಡುವೆ ೨೦೨೫ರ ಜುಲೈಯಲ್ಲಿ ಸೇತುವೆಯು ತೆರೆಯುವವರೆಗೂ ಆ ಭಾಗದ ಜನರಂತೆ ಅಲ್ಲಿಯ ನೌಕರರೂ ಲಾಂಚನ್ನು ಕಾದು ದಾಟಬೇಕಾಗಿದ್ದಿತು. ಇಂತಹ ದಾರಿಯು ಯಾವ ಜನಗಣತಿಯಲ್ಲಿಯೂ ಕಾಣಿಸದು.

ಎರಡನೆಯದು ದೇಹದ ರಕ್ಷಣೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉಣ್ಣಿಯ ಕಡಿತದಿಂದ ಹರಡುತ್ತದೆ. ೨೦೧೯ರ ಸುಮಾರಿನಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನ ಕಡೆ ಅದು ಪ್ರಾಣಹಾನಿಯನ್ನುಂಟುಮಾಡಿತು. ಬಹುಕಾಲ ಬಳಕೆಯಲ್ಲಿದ್ದ ಲಸಿಕೆಯು ೨೦೨೨ರಲ್ಲಿ ನಿಂತುಹೋಯಿತು. ಕಾಡಂಚಿನ ಮನೆಗಳಿಗೆ ಸಮೀಕ್ಷೆಗೋ ವಸೂಲಿಗೋ ಹೋಗುವ ನೌಕರನು ರೈತನಷ್ಟೇ ಈ ಅಪಾಯಕ್ಕೆ ಒಡ್ಡಿಕೊಂಡಿರುವನು. ಮೈಗೆ ಬಳಿಯುವ ಉಣ್ಣಿನಿವಾರಕ ತೈಲ, ಮಳೆಗಾಲದ ಉಡುಪ, ಜ್ವರ ಬಂದಾಗ ಸಂಬಳವು ಕಡಿಯದ ರಜೆ ಇವು ಇಲ್ಲಿ ಕೃಪೆಯಾಗಿ ಕೊಡುವ ವಸ್ತುಗಳಲ್ಲ. ಕೆಲಸದ ಉಪಕರಣಗಳೇ ಆಗಿವೆ. ಹಳೆಯ ತೋಟಿಗೆ ಜ್ವರ ಬಂದರೆ ತಮ್ಮನು ಹೋಗುತ್ತಿದ್ದನು. ಈಗಿನ ಗ್ರಾಮಸಹಾಯಕನಿಗೆ ಬದಲಿಯನ್ನು ಕೊಡಬೇಕಾದುದು ಸಂಸ್ಥೆಯೇ.

ಮೂರನೆಯದು ಉಪಕರಣವೂ ಅವಧಿಯೂ. ೨೦೨೪ರ ಸೆಪ್ಟೆಂಬರಿನಲ್ಲಿಯೂ ೨೦೨೫ರ ಫೆಬ್ರುವರಿಯಲ್ಲಿಯೂ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿದರು. ಮೊಬೈಲಿನ ಹಲವು ಆಪುಗಳ ಮೂಲಕ ಏಕಕಾಲದಲ್ಲಿ ಕೆಲಸವನ್ನು ಹೇರುವುದು, ರಜೆಯ ದಿನವೂ ದುಡಿಸುವುದು, ಕುಳಿತುಕೊಳ್ಳಲು ಕುರ್ಚಿ ಮೇಜುಗಳೂ ಕೆಲಸಕ್ಕೆ ತಕ್ಕ ಯಂತ್ರಗಳೂ ಇಲ್ಲದಿರುವುದು, ಬಡ್ತಿಯೂ ವರ್ಗಾವಣೆಯೂ ತಡೆದುನಿಂತಿರುವುದು ಇವು ಅವರ ದೂರುಗಳಲ್ಲಿ ಮುಖ್ಯವಾದವು. ಕಡತಕ್ಕೆ ಬದಲಾಗಿ ಆಪು ಬಂದಿತು. ಕಡತವು ಮುಚ್ಚಿದರೆ ಆ ದಿನದ ಕೆಲಸವು ಮುಗಿಯುತ್ತಿದ್ದಿತು, ಆಪು ಮುಚ್ಚುವುದಿಲ್ಲ. ಮೇಲಿನ ಕಛೇರಿಯು ದಿನದ ಗುರಿಯನ್ನು ತೆರೆಯ ಮೇಲೆ ನೋಡುತ್ತ ಪ್ರಶ್ನಿಸುವಾಗ ಶರತ್ತಿನ ಕಾಲದ ಮುಚ್ಚಳಿಕೆಯು ನೆನಪಿಗೆ ಬರುತ್ತದೆ. ಈಗ ದಂಡವಿಲ್ಲ, ಜಪ್ತಿಯಿಲ್ಲ. ಎರಡು ಕಾಲಗಳನ್ನೂ ಸಮವೆಂದು ಹೇಳುವುದು ಅನ್ಯಾಯ. ಆದರೆ ಮಳೆಯಲ್ಲಿ ದೂರವಾಣಿಯ ಸಂಕೇತವೇ ಸಿಕ್ಕದ ಕಣಿವೆಯ ನೌಕರನಿಗೂ ಬಯಲಿನ ನೌಕರನಿಗೂ ಒಂದೇ ಗುರಿಯನ್ನು ಗೊತ್ತುಮಾಡಿದರೆ, ಸಂಖ್ಯೆಯನ್ನು ತುಂಬುವುದಕ್ಕಾಗಿ ಸತ್ಯವನ್ನು ಬಿಡುವ ಪ್ರಲೋಭನವು ಹಿಂದಿನಂತೆಯೇ ಹುಟ್ಟುತ್ತದೆ.

ನಾಲ್ಕನೆಯದು ಮಾನದ ರಕ್ಷಣೆ. ಗ್ರಾಮಮಟ್ಟದ ಸೇವೆಯಲ್ಲಿ ಈಗ ಹೆಂಗಸರು ಬಹುಸಂಖ್ಯೆಯಲ್ಲಿರುವರು. ಒಬ್ಬರೇ ದೂರದ ಮನೆಗಳಿಗೆ ಹೋಗಿಬರುವರು. ರಾಜಸ್ಥಾನದಲ್ಲಿ ಬಾಲ್ಯವಿವಾಹವನ್ನು ತಡೆಯಹೋದ ಸರಕಾರೀ ಯೋಜನೆಯ ಗ್ರಾಮಸೇವಕಿಯೊಬ್ಬಳ ಮೇಲೆ ೧೯೯೨ರಲ್ಲಿ ನಡೆದ ಅತ್ಯಾಚಾರದಿಂದ ಹುಟ್ಟಿದ ವಿಶಾಖಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೯೭ರಲ್ಲಿ ಕೆಲಸದ ಸ್ಥಳದ ರಕ್ಷಣೆಗೆ ನಿಯಮಗಳನ್ನು ವಿಧಿಸಿತು. ೨೦೧೩ರಲ್ಲಿ ಅವು ಕಾಯಿದೆಯಾದವು. ದೇಶದ ದೊಡ್ಡ ಕಛೇರಿಗಳಲ್ಲೆಲ್ಲ ಇಂದು ಇರುವ ಈ ರಕ್ಷಣೆಯು ಹಳ್ಳಿಯ ಸೇವಕಿಯೊಬ್ಬಳ ದುಃಖದಿಂದ ಹುಟ್ಟಿತು. ಅಂತಹ ಹಳ್ಳಿಗೇ ಅದು ಕಡೆಯದಾಗಿ ತಲಪುವಂತಾಗಬಾರದು.

೮. ಉಪಸಂಹಾರ

ಇದುವರೆಗಿನ ವಿಚಾರದಿಂದ ತಿಳಿದುಬರುವುದಿಷ್ಟು: ಆಯ ಉಂಬಳಿಗಳ ಕಾಲದಲ್ಲಿ ಸೇವಕನಿಗೆ ಆಸರೆಯಿದ್ದಿತು, ಬಿಡುಗಡೆಯಿರಲಿಲ್ಲ. ಸಂಬಳದ ಕಾಲದಲ್ಲಿ ಬಿಡುಗಡೆಯು ಬಂದಿತು. ಆಸರೆಯು ಕೆಲವರಿಗೆ ಪೂರ್ಣವಾಗಿಯೂ ಕೆಲವರಿಗೆ ಅರ್ಧವಾಗಿಯೂ ಮಾತ್ರ ಬಂದಿತು. ಕುಟುಂಬವು ಹೊತ್ತಿದ್ದ ರೋಗದ, ಮುಪ್ಪಿನ, ಬದಲಿಯ ಹೊಣೆಗಳನ್ನು ಕಾಯಿದೆಯು ಕುಟುಂಬದಿಂದ ಬಿಡಿಸಿದ ಮೇಲೆ ಅವುಗಳನ್ನು ಹೊರಬೇಕಾದುದು ನೌಕರಿಯನ್ನು ಕೊಟ್ಟ ಸಂಸ್ಥೆ. ನಗರಸಭೆಯಾಗಲಿ ಗ್ರಾಮಪಂಚಾಯತಿಯಾಗಲಿ ಈ ಹೊಣೆಯನ್ನು ತನ್ನ ಆಯವ್ಯಯದಲ್ಲಿ ಬರೆಯದಿದ್ದರೆ ಅದು ಮಾಯವಾಗುವುದಿಲ್ಲ. ನೌಕರನ ಮನೆಯ ಸಾಲದ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ.

ಶಿವಪ್ಪನಾಯಕನು ಕಂದಾಯವನ್ನು ಗೊತ್ತುಮಾಡುವ ಮೊದಲು ಗದ್ದೆಯನ್ನು ಹನ್ನೆರಡು ವರ್ಷ ಉತ್ತು ನೋಡಿಸಿದನೆಂದು ಈ ಸೀಮೆಯು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಭೂಮಿಯ ಶಕ್ತಿಯನ್ನು ಅರಿಯದೆ ಅದರ ಮೇಲೆ ಭಾರ ಹೊರಿಸಬಾರದೆಂಬುದು ಆ ಶಿಸ್ತಿನ ತಿರುಳು. ಅದೇ ಶಿಸ್ತನ್ನು ಸೇವಕನ ವಿಷಯದಲ್ಲಿಯೂ ಅನುಸರಿಸಿ, ಒಬ್ಬ ನೀರುಗಂಟಿಯು ಮಳೆಗಾಲದಲ್ಲಿ ಎಷ್ಟು ದೂರ ನಡೆಯುವನು, ಒಬ್ಬ ಗ್ರಾಮ ಆಡಳಿತಾಧಿಕಾರಿಗೆ ಒಂದು ಮನೆಯ ಸಮೀಕ್ಷೆಗೆ ಎಷ್ಟು ಹೊತ್ತು ಹಿಡಿಯುವುದು, ಒಬ್ಬ ಪೌರಕಾರ್ಮಿಕಳು ವರ್ಷದಲ್ಲಿ ಎಷ್ಟು ದಿನ ಜ್ವರದಿಂದ ಮಲಗುವಳು ಎಂಬುದನ್ನು ಮೊದಲು ಅಳೆದು, ಅನಂತರ ಕೆಲಸವನ್ನು ಗೊತ್ತುಮಾಡುವುದು ಸ್ಥಳೀಯ ಆಡಳಿತಕ್ಕೆ ಅಸಾಧ್ಯವಾದ ಕಾರ್ಯವಲ್ಲ. ಅಳೆಯುವ ವಿದ್ಯೆಯು ಈ ಸೀಮೆಗೆ ಮೂರು ಶತಮಾನಗಳಿಗೂ ಹಿಂದಿನಿಂದಲೇ ತಿಳಿದಿದೆ.